ಹತ್ತೊಂಬತ್ತನೆಯ ಹಾಳೆ

ಮಾರ್ಚ್ ೧೨, ಮಂಗಳವಾರ
ಬೆಳಿಗ್ಗೆ ಹತ್ತೂವರೆ

ನನ್ನ ಪುಟ್ಟಿಗೆ,

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಹೋದ ತಿಂಗಳಿಗಿಂತ ವಾಸಿ. ಚೆನ್ನಾಗಿಲ್ಲದ್ದನ್ನು ಮುಂದೆ ಬರೆಯುತ್ತೇನೆ, ಕೂತು ಓದು.

ನೀನು ಮೂರು ಸಲ ಫೋನ್ ಮಾಡಿದೆ. ಮೊದಲ ಸಲ ಒಲೆಯ ಮೇಲೆ ಹಾಲಿದೆ ಎಂದೆ, ಎರಡನೆಯ ಸಲ ಬಾಗಿಲಿಗೆ ಯಾರೋ ಬಂದಿದ್ದಾರೆ ಎಂದೆ, ಮೂರನೆಯ ಸಲ ನಿನ್ನ ಮಾತು ಸರಿಯಾಗಿ ಕೇಳಿಸುತ್ತಿಲ್ಲ ಎಂದೆ. ಹಾಲೂ ಇರಲಿಲ್ಲ, ಬಾಗಿಲಿಗೆ ಯಾರೂ ಬಂದಿರಲಿಲ್ಲ, ನನ್ನ ಕಿವಿ ನಿನ್ನ ಕಿವಿಗಿಂತ ಚುರುಕಾಗಿದೆ. ಕೊನೆಗೆ ನೀನು ಸಿಟ್ಟಾಗಿ ನಾಲ್ಕು ಪುಟದ ಪತ್ರ ಬರೆದಿದ್ದೀಯ, ಪ್ಯಾರಾಗಳಿಗೆ ಒಂದು, ಎರಡು, ಮೂರು ಅಂತ ಸಂಖ್ಯೆ ಬೇರೆ ಹಾಕಿ. ಹೆತ್ತ ತಾಯಿಗೆ ಬರೆದ ಪತ್ರಕ್ಕೆ ಸಂಖ್ಯೆ ಹಾಕುವವಳು ನೀನೊಬ್ಬಳೇ ಇರಬೇಕು. ಮೂಗಿನ ತುದಿಯಲ್ಲೇ ಕೋಪ ನಿನಗೆ. ಅದು ನಿನ್ನ ಅಪ್ಪನ ಕಡೆಯಿಂದ ಬಂದದ್ದು, ನನ್ನನ್ನು ದೂರಬೇಡ.

ನೀನು ಕೇಳಿದ್ದು ಒಂದೇ ವಸ್ತು. ಇಪ್ಪತ್ತಾರು ವರ್ಷದ ಹಿಂದೆ ನಾನು ಕೆಲಸಕ್ಕಿದ್ದ ಮನಶ್ಶಾಸ್ತ್ರ ವಿಭಾಗದಲ್ಲಿ ಅರವತ್ತು ಮಕ್ಕಳಿಗೆ ಗೊಂಬೆಮನೆಯ ಪರೀಕ್ಷೆ ನಡೆಯಿತಲ್ಲ, ಆ ಮಕ್ಕಳ ಹೆಸರು, ಸಂಖ್ಯೆ ಬರೆದಿಟ್ಟ ನೋಟ್‌ಬುಕ್ಕು. ಈಗ ನೀನು ಅದೇ ವಿಭಾಗದಲ್ಲಿ ಕೂತು, ಆ ಮಕ್ಕಳು ದೊಡ್ಡವರಾಗಿ ಏನಾದರು ಎಂದು ಹುಡುಕಲು ಹೊರಟಿದ್ದೀಯ. ಪರೀಕ್ಷೆ ನಿಜ ಎಂದು ನಿನ್ನ ವರದಿ ಹೇಳಿದರೆ ಬರುವ ವರ್ಷದಿಂದ ಎಲ್ಲ ಶಾಲೆಗಳಲ್ಲೂ ಮಕ್ಕಳನ್ನು ಸೇರಿಸಿಕೊಳ್ಳುವಾಗ ಅದನ್ನು ಮಾಡುತ್ತಾರೆ, ಯಾವ ಮಗು ಮುಂದೆ ಕೆಡುತ್ತದೆ ಎಂದು ಮೊದಲೇ ಗುರುತಿಟ್ಟುಕೊಳ್ಳಲು. ಹಾಳೆಗಳೆಲ್ಲ ನಿನಗೆ ಪೆಟ್ಟಿಗೆಯಲ್ಲಿ ಸಿಕ್ಕಿವೆ. ಅವುಗಳ ಮೇಲೆ ಸಂಖ್ಯೆ ಮಾತ್ರ ಇದೆ. ಯಾರ ಸಂಖ್ಯೆ ಯಾವುದು ಎನ್ನುವುದು ನನ್ನ ಟ್ರಂಕಿನಲ್ಲಿದೆ.

ನಿನ್ನ ಮೂರನೆಯ ಪ್ಯಾರಾವನ್ನು ನಾಲ್ಕು ಸಲ ಓದಿದೆ. ಹತ್ತೊಂಬತ್ತನೆಯ ಹಾಳೆ ಓದಿದ ಮೇಲೆ ಎರಡು ದಿನ ಊಟ ಸೇರಲಿಲ್ಲ ಎಂದು ಬರೆದಿದ್ದೀಯ. ಆ ಮಗು ತಾಯಿಗೊಂಬೆಯನ್ನು ಹಾಸಿಗೆಯ ಮೇಲೆ ಬೋರಲು ಮಲಗಿಸಿತು, ಪಾಪುವನ್ನು ಬೀರುವಿನೊಳಗಿಟ್ಟು ಬಾಗಿಲು ಹಾಕಿತು, ಉಳಿದ ಹೊತ್ತೆಲ್ಲ ಕೈಕಟ್ಟಿ ಸುಮ್ಮನೆ ಕೂತಿತು. ಯಾಕಮ್ಮಾ ಹೀಗೆ ಎಂದು ಕೇಳಿದ್ದಕ್ಕೆ, ಅಮ್ಮ ಮಲಗಿದಾಳೆ, ಪಾಪು ಸದ್ದು ಮಾಡಬಾರದು, ಅಂದಿತು. ಅಂಥ ಮನೆಯಲ್ಲಿ ಅವಳು ಹೇಗೆ ಬೆಳೆದಳೋ ಪಾಪ, ಮೊದಲು ಅವಳನ್ನೇ ಹುಡುಕುತ್ತೇನೆ, ಎಂದು ಬರೆದಿದ್ದೀಯ. ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಾನು ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಕಾಫಿ ಆರಿ ಕೆನೆ ಕಟ್ಟಿತ್ತು.

ನೋಟ್‌ಬುಕ್ಕನ್ನು ಹಾಗೇ ಕಳಿಸಿಬಿಟ್ಟಿದ್ದರೆ ನಿನಗೆ ಏನೂ ತಿಳಿಯುತ್ತಿರಲಿಲ್ಲ. ಹತ್ತೊಂಬತ್ತರ ಮುಂದಿನ ಹೆಸರು ನೋಡಿ ಅಯ್ಯೋ ಎನ್ನುತ್ತಿದ್ದೆ, ಅಷ್ಟೇ. ಯಾಕೆಂದರೆ ಅಲ್ಲಿರುವುದು ನೀವೆಲ್ಲ ಸೂಜಿ ಎಂದು ಕರೆಯುತ್ತಿದ್ದವಳ ಹೆಸರು. ಎರಡನೆಯ ತರಗತಿಯಲ್ಲಿ ನಿನ್ನ ಬೆಂಚಿನಲ್ಲೇ ಕೂರುತ್ತಿದ್ದ ಆ ಹುಡುಗಿ ನೆನಪಿದ್ದಾಳಾ? ಬಟ್ಟೆ ಹೊಲಿಯುವವಳ ಮಗಳು. ಕಾಲರಿನ ಒಳಮಗ್ಗುಲಿಗೆ ದಾರ ಪೋಣಿಸಿದ ಸೂಜಿ ಚುಚ್ಚಿಕೊಂಡೇ ಶಾಲೆಗೆ ಬರುತ್ತಿದ್ದಳು. ಯಾರ ಗುಂಡಿ ಕಿತ್ತರೂ ಆಟದ ಬಿಡುವಿನಲ್ಲಿ ಅವಳೇ ಹಾಕಿಕೊಡುತ್ತಿದ್ದಳು. ನಿನ್ನ ನೀಲಿ ಸ್ವೆಟರಿನ ನಾಲ್ಕು ಗುಂಡಿಯಲ್ಲಿ ಮೂರು ಅವಳು ಹಾಕಿದ್ದು.

ಆ ಹೆಸರು ಅಲ್ಲಿ ತಪ್ಪಿ ಬಿದ್ದಿದೆ. ಒಂದೇ ದಿನ ಹನ್ನೆರಡು ಮಕ್ಕಳನ್ನು ಕರೆತಂದಿದ್ದೆವು, ಗಡಿಬಿಡಿಯಲ್ಲಿ ಹತ್ತೊಂಬತ್ತು ಇಪ್ಪತ್ತು ಅದಲುಬದಲಾಯಿತು.

ಈ ಮೇಲಿನ ಎರಡು ವಾಕ್ಯ ಹೊಡೆದುಹಾಕಲು ಪೆನ್ನು ಎತ್ತಿದೆ. ಬೇಡ, ಇರಲಿ. ನಿನ್ನ ಅಮ್ಮ ಎಷ್ಟು ಸಲೀಸಾಗಿ ಸುಳ್ಳು ಬರೆಯುತ್ತಾಳೆ ಎನ್ನುವುದನ್ನು ಕಣ್ಣಾರೆ ನೋಡು. ಅದಲುಬದಲಾಗಲಿಲ್ಲ ಪುಟ್ಟಿ. ನಾನು ಮಾಡಿದೆ.

ಆ ಕೆಲಸದ ರೀತಿ ಹೇಳುತ್ತೇನೆ, ಆಗ ನಿನಗೇ ಅರ್ಥವಾಗುತ್ತದೆ. ಒಂದು ಚಿಕ್ಕ ಕೋಣೆ. ಒಳಗೆ ಮೇಜಿನ ಮೇಲೆ ಗೊಂಬೆಮನೆ: ಹಾಸಿಗೆ, ಊಟದ ಮೇಜು, ಬೀರು, ಅಪ್ಪ, ಅಮ್ಮ, ಅಣ್ಣ, ಪಾಪು. ಒಬ್ಬ ವಿದ್ಯಾರ್ಥಿನಿ ಮಗುವಿನ ಪಕ್ಕ ಕೂತು, ಈ ಮನೆಯಲ್ಲಿ ಈಗ ಏನಾಗುತ್ತಿದೆ, ಮಾಡಿ ತೋರಿಸು, ಎನ್ನುತ್ತಿದ್ದಳು. ಹನ್ನೆರಡು ನಿಮಿಷ. ಗೋಡೆಯಲ್ಲಿ ಕನ್ನಡಿಯ ಹಾಗೆ ಕಾಣುವ ಗಾಜು, ಅದರ ಹಿಂದೆ ಕತ್ತಲಲ್ಲಿ ನಾನು, ಕೈಯಲ್ಲಿ ಸ್ಟಾಪ್‌ವಾಚು. ಕಂಡದ್ದನ್ನೆಲ್ಲ ಬರೆಯುವುದು ನನ್ನ ಕೆಲಸ. ಹಾಳೆಯ ಮೇಲೆ ಹೆಸರು ಬರೆಯುವಂತಿಲ್ಲ, ಮಗು ಒಳಗೆ ಹೋದ ವೇಳೆ ಮಾತ್ರ. ಪ್ರೊಫೆಸರರು ಆಮೇಲೆ ಅಂಕ ಹಾಕುತ್ತಿದ್ದರು, ಯಾರ ಹಾಳೆ ಎಂದು ತಿಳಿಯದೆಯೇ. ಹದಿನೆಂಟು ದಾಟಿದರೆ ಆ ಮಗು ನಿಗಾ ಪಟ್ಟಿಗೆ. ಅಂಕ ಬಿದ್ದ ಮೇಲೆ ನಾನು, ಶಾಲೆಯ ವ್ಯಾನಿನಲ್ಲಿ ಬಂದ ಮಕ್ಕಳ ಹೆಸರು, ವೇಳೆ ಬರೆದಿದ್ದ ಚೀಟಿ ನೋಡಿ, ಹಾಳೆಗೆ ಸಂಖ್ಯೆ ಕೊಟ್ಟು, ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಮುಂದೆ ಹೆಸರು ಬರೆಯಬೇಕು. ಅಂಕಕ್ಕೂ ಹೆಸರಿಗೂ ಗಂಟು ಹಾಕುವ ಆ ಗಳಿಗೆಯಲ್ಲಿ ಕೋಣೆಯಲ್ಲಿ ನಾನೊಬ್ಬಳೇ. ಇಷ್ಟೆಲ್ಲ ಎಚ್ಚರಿಕೆ ವಹಿಸಿದ ದೊಡ್ಡ ಮನುಷ್ಯರಿಗೆ ಆ ಒಂದು ಕುರ್ಚಿ ಮಾತ್ರ ಕಾಣಲಿಲ್ಲ.

ಕೆಲಸ ಮಾಡುವವರ ಮಕ್ಕಳನ್ನು ಸೇರಿಸಬಾರದು ಎನ್ನುವ ನಿಯಮವಿತ್ತು. ಒಂದು ಮಗುವಿಗೆ ದಡಾರ ಬಂದು ಐವತ್ತೊಂಬತ್ತೇ ಆದವು. ಪ್ರೊಫೆಸರರಿಗೆ ಅರವತ್ತೇ ಬೇಕು. ನಿಮ್ಮ ಮಗಳು ಅದೇ ಶಾಲೆ ಅಲ್ಲವೇನಮ್ಮಾ, ಹನ್ನೆರಡು ನಿಮಿಷದ ಆಟ, ಅದಕ್ಕೇನು, ಎಂದರು. ಬೇರೆ ತಾಯಂದಿರಿಗೆಲ್ಲ ನಾನು ಹೇಳಿದ್ದೂ ಅದೇ. ಒಪ್ಪಿಗೆಯ ಕಾಗದದಲ್ಲಿ ಮಕ್ಕಳ ಆಟದ ಅಧ್ಯಯನ ಎಂದು ಟೈಪು ಮಾಡಿದ್ದು ಈ ಬೆರಳುಗಳೇ. ಸೂಜಿಯ ತಾಯಿ ಓದು ಬಾರದವಳು. ಏನು ಬರೆದಿದೆ ಮೇಡಂ ಎಂದು ಕೇಳಿದಳು. ಗೊಂಬೆ ಕೊಟ್ಟು ಆಡಿಸ್ತೀವಿ ಕಣಮ್ಮಾ, ಅಷ್ಟೇ, ಎಂದೆ. ನನ್ನ ಮಗಳಿಗೆ ಗೊಂಬೆ ಅಂದ್ರೆ ಪ್ರಾಣ ಎಂದು ನಗುತ್ತಾ ಹೆಬ್ಬೆಟ್ಟು ಒತ್ತಿದಳು.

ಹತ್ತು ನಲವತ್ತಕ್ಕೆ ನೀನು ಒಳಗೆ ಹೋದೆ, ನಿನಗದು ನೆನಪಿಲ್ಲದಿರಬಹುದು. ಹನ್ನೊಂದಕ್ಕೆ ಸೂಜಿ.

ಹತ್ತು ನಲವತ್ತರ ಹಾಳೆಯನ್ನೇ ನೀನು ಓದಿ ಎರಡು ದಿನ ಊಟ ಬಿಟ್ಟದ್ದು. ಆ ಮಗು ನೀನು, ಪುಟ್ಟಿ.

ನಿನ್ನ ಅಪ್ಪ ಬೇರೆ ಮನೆ ಮಾಡಿದ ವರ್ಷ ಅದು. ನಾನು ಕೆಲಸಕ್ಕೆ ಹೋಗುತ್ತಿದ್ದೆ, ನಗುತ್ತಿದ್ದೆ, ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ತ್ರಾಣವಿಲ್ಲದೆ ಮಲಗಿಬಿಡುತ್ತಿದ್ದೆ. ಭಾನುವಾರವಂತೂ ಇಡೀ ದಿನ. ನೀನು ಹೊದಿಕೆ ಎಳೆದು, ಅಮ್ಮಾ ಅಮ್ಮಾ ಎನ್ನುತ್ತಿದ್ದೆ. ನನಗೆ ಆ ಸದ್ದು ತಡೆಯಲು ಆಗುತ್ತಿರಲಿಲ್ಲ. ನಿನ್ನನ್ನು ಪಕ್ಕದ ಕೋಣೆಗೆ ಕಳಿಸಿ ಚಿಲಕ ಹಾಕುತ್ತಿದ್ದೆ. ಒಂದು ಸಲ ಅಲ್ಲ. ಎಷ್ಟು ಸಲ ಎಂದು ಲೆಕ್ಕ ಇಟ್ಟಿಲ್ಲ. ಎದ್ದು ಚಿಲಕ ತೆಗೆದಾಗ ನೀನು ಗೋಡೆಗೆ ಒರಗಿ ಕೈಕಟ್ಟಿ ಕೂತಿರುತ್ತಿದ್ದೆ, ನಾನು ಸದ್ದೇ ಮಾಡಿಲ್ಲ ಅಮ್ಮಾ ಎಂದು ಹೇಳುತ್ತಿದ್ದೆ. ನಿನಗೆ ಇದು ನೆನಪಿಲ್ಲ ಎಂದುಕೊಂಡು ಇಷ್ಟು ವರ್ಷ ಕಳೆದೆ. ನೆನಪಿದ್ದರೆ, ನೀನು ನನ್ನ ಮೇಲಿಟ್ಟಿರುವ ಪ್ರೀತಿಗೆ ನಾನು ಎಲ್ಲಿ ಮುಖವಿಡಲಿ?

ಗಾಜಿನ ಹಿಂದೆ ನಿಂತು ಆ ಪುಟ್ಟ ಬೀರುವಿನ ಬಾಗಿಲು ಮುಚ್ಚುವುದನ್ನು ನೋಡಿದೆ. ಕೈ ರೂಢಿಯ ಮೇಲೆ ಬರೆಯುತ್ತಾ ಹೋಯಿತು. ಬರೆಯದೆ ಬಿಡುವಂತೆಯೂ ಇರಲಿಲ್ಲ, ನಿನ್ನ ಮಾತುಗಳನ್ನು ಒಳಗಿದ್ದ ವಿದ್ಯಾರ್ಥಿನಿಯೂ ಗುರುತು ಹಾಕಿಕೊಳ್ಳುತ್ತಿದ್ದಳು. ಊಟದ ಬಿಡುವು ಮುಗಿದ ಮೇಲೆ ಪ್ರೊಫೆಸರರು ಚಹಾದ ಲೋಟ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಒಂದು ಹಾಳೆಗೆ ಇಪ್ಪತ್ತೆರಡು ಬಿದ್ದಿದೆ ನೋಡಿ, ಇಲ್ಲಿಯವರೆಗಿನದರಲ್ಲೇ ಹೆಚ್ಚು. ಈ ಮಗುವಿನ ತಾಯಿಯನ್ನ ಒಮ್ಮೆ ಕರೆಸಿ ನೋಡಬೇಕಲ್ಲ, ಎಂದರು. ನನ್ನ ಮುಖ ನೋಡಿಯೇ ಹೇಳಿದರು. ಹೌದು ಸರ್, ಎಂದೆ.

ಅವರು ಹೋದ ಮೇಲೆ ನೋಟ್‌ಬುಕ್ಕು ತೆರೆದೆ. ಹತ್ತು ನಲವತ್ತರ ಹಾಳೆಗೆ ಹತ್ತೊಂಬತ್ತು, ಹನ್ನೊಂದರ ಹಾಳೆಗೆ ಇಪ್ಪತ್ತು ಎಂದು ಸರಿಯಾಗಿಯೇ ಹಾಕಿದೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಹತ್ತೊಂಬತ್ತರ ಮುಂದೆ ಸೂಜಿಯ ಹೆಸರು ಬರೆದೆ, ಇಪ್ಪತ್ತರ ಮುಂದೆ ನಿನ್ನದು. ಅಕ್ಷರ ಎಷ್ಟು ದುಂಡಗಿದೆ ಎಂದರೆ ಈಗ ನೋಡಿದರೆ ಅದೇ ಭಯ ಹುಟ್ಟಿಸುತ್ತದೆ.

ಸೂಜಿಯ ಅಂಕ ಎಷ್ಟು ಗೊತ್ತಾ? ನಾಲ್ಕು. ಅವಳು ಗೊಂಬೆಗಳಿಗೆಲ್ಲ ಊಟಕ್ಕೆ ಹಾಕಿದಳು, ಪಾಪುವಿನ ತಲೆ ಬಾಚಿದಳು, ಅಪ್ಪನಿಗೆ ಕೈ ತೊಳೆದುಕೊಂಡು ಬಾ ಎಂದು ಗದರಿದಳು. ಹನ್ನೆರಡು ನಿಮಿಷ ಮುಗಿದಾಗ, ಇನ್ನೂ ಪಾತ್ರೆ ತೊಳೆದಿಲ್ಲವಲ್ಲಾ, ಎಂದು ಎದ್ದೇಳಲು ಒಪ್ಪಲಿಲ್ಲ.

ನಿಗಾ ಪಟ್ಟಿ ಹೊರಗೆ ಹೋಗಬಾರದಿತ್ತು. ಆದರೆ ಮುಖ್ಯೋಪಾಧ್ಯಾಯಿನಿ ಬಿಡಲಿಲ್ಲ. ನಮ್ಮ ಮಕ್ಕಳನ್ನ ಕೊಟ್ಟಿದ್ದೀವಿ, ನಮಗೂ ಏನಾದ್ರೂ ಕೊಡಿ, ಎಂದು ಪ್ರೊಫೆಸರರ ತಲೆ ತಿಂದರು. ಎಂಟು ಹೆಸರು ಟೈಪು ಮಾಡಿ, ಮೇಲೆ ಗೋಪ್ಯ ಎಂದು ಕೆಂಪು ಶಾಯಿಯಲ್ಲಿ ಬರೆದು ನಾನೇ ತಲುಪಿಸಿದೆ. ಆಕೆ ಅದನ್ನು ಹಾಜರಿ ಪುಸ್ತಕಗಳಿಡುವ ಕಪಾಟಿನ ಬಾಗಿಲ ಒಳಮಗ್ಗುಲಿಗೆ ಅಂಟಿಸಿದರು. ಪ್ರತಿ ಬೆಳಿಗ್ಗೆ ಪ್ರತಿ ಶಿಕ್ಷಕಿಯೂ ಆ ಬಾಗಿಲು ತೆಗೆಯಬೇಕು. ಗೋಪ್ಯ ಎಂದರೆ ಅವರಿಗೆ ಅಷ್ಟೇ ಅರ್ಥ.

ಮೊದಲು ಹೋದದ್ದು ಅವಳ ಕಾಲರಿನ ಸೂಜಿ. ಅದುವರೆಗೆ ಶಿಕ್ಷಕಿಯರೇ ಅವಳನ್ನು ಕರೆದು ಕಿತ್ತ ಗುಂಡಿ ಹಾಕಿಸಿಕೊಳ್ಳುತ್ತಿದ್ದರು. ಪಟ್ಟಿ ಬಂದ ವಾರವೇ, ಹರಿತವಾದ ವಸ್ತು ಇಟ್ಟುಕೊಂಡು ಬರುತ್ತಾಳೆ, ಎಂದು ರಿಜಿಸ್ಟರಿನಲ್ಲಿ ಬರೆದರು. ಅವಳನ್ನು ಬಾಗಿಲ ಪಕ್ಕ ಒಂಟಿಯಾಗಿ ಕೂರಿಸಿದರು. ಯಾರ ಪೆನ್ಸಿಲು ಕಳೆದರೂ ಮೊದಲು ಅವಳ ಚೀಲ. ಸಿಗಲಿಲ್ಲ ಎಂದರೆ ಎಲ್ಲೋ ಬಚ್ಚಿಟ್ಟಿದ್ದಾಳೆ ಎನ್ನುವುದು. ಪ್ರೊಫೆಸರರು ಅವಳ ತಾಯಿಯನ್ನು ಕರೆಸಿ, ನೀವು ಹಗಲು ಹೊತ್ತು ಮಲಗುತ್ತೀರಾ, ಮಗುವನ್ನು ಕೂಡಿಹಾಕುತ್ತೀರಾ, ಎಂದೆಲ್ಲ ಕೇಳಿದರು. ಪಕ್ಕದಲ್ಲಿ ಕೂತು ಉತ್ತರ ಬರೆದುಕೊಂಡವಳು ನಾನು. ಹಗಲು ಮಲಗಿದ್ರೆ ಹೊಲಿಯೋರು ಯಾರು ಸಾರ್, ಎಂದು ಆ ತಾಯಿ ಕಣ್ಣು ಒರೆಸಿಕೊಂಡಳು. ನಿರಾಕರಿಸುತ್ತಾಳೆ, ಎಂದು ಬರೆಯಲು ಹೇಳಿದರು. ಬರೆದೆ.

ಅವಳ ಜೊತೆ ಸೇರಬೇಡ ಎಂದು ನಿನಗೆ ಹೇಳಿದವಳೂ ನಾನೇ. ಅವಳು ಕೆಟ್ಟವಳು ಎಂದೇನೂ ನನಗೆ ಅನಿಸಿರಲಿಲ್ಲ. ನೀವಿಬ್ಬರೂ ಕೈ ಹಿಡಿದುಕೊಂಡು ಗೇಟಿನಿಂದ ಬರುವುದನ್ನು ನೋಡಲಾಗುತ್ತಿರಲಿಲ್ಲ. ನೀನು ಎರಡು ದಿನ ಅತ್ತೆ, ಆಮೇಲೆ ಬೇರೆ ಗೆಳತಿ ಸಿಕ್ಕಳು. ಏಳನೆಯ ತರಗತಿಯಲ್ಲಿ ಯಾವಳೋ ಶಿಕ್ಷಕಿ ಎಲ್ಲರೆದುರು ಚೀಲ ಸುರಿಸಿದಾಗ ಸೂಜಿ ಅವಳ ಕೈ ಕಚ್ಚಿಬಿಟ್ಟಳು. ಶಾಲೆಯಿಂದ ತೆಗೆದರು. ಪ್ರೊಫೆಸರರು ಪುಸ್ತಕ ಬರೆದಾಗ ಹತ್ತೊಂಬತ್ತನೆಯ ಸಂಖ್ಯೆಗೆ ಒಂದು ಇಡೀ ಅಧ್ಯಾಯ ಕೊಟ್ಟರು, ಏಳು ವರ್ಷಕ್ಕೇ ಪರೀಕ್ಷೆ ಹೇಗೆ ಎಲ್ಲವನ್ನೂ ಹೇಳಿತ್ತು ಎಂದು. ಅದನ್ನೂ ನಾನೇ ಟೈಪು ಮಾಡಿದೆ. ಒಂದು ಅಕ್ಷರವೂ ತಪ್ಪಿಲ್ಲ ಎಂದು ಹೊಗಳಿದರು.

ನೀನು ರಜೆಗೆ ಬಂದಾಗಲೆಲ್ಲ ನಗುತ್ತೀಯಲ್ಲ, ಈ ಮನೆಯಲ್ಲಿ ಒಂದು ಬೀರುವಿನ ಬಾಗಿಲೂ ಮುಚ್ಚಿರುವುದಿಲ್ಲ, ಜಿರಲೆಗೆ ಅಮ್ಮನ ಮನೆ ಅರಮನೆ ಎಂದು. ಮುಚ್ಚಿದರೆ ಒಳಗೆ ಯಾರೋ ಸದ್ದು ಮಾಡದೆ ಕೂತ ಹಾಗೆ ಅನಿಸುತ್ತದೆ. ಒಬ್ಬರಲ್ಲ, ಇಬ್ಬರು. ಮಧ್ಯಾಹ್ನ ಮಲಗಿದರೆ ಹನ್ನೆರಡು ನಿಮಿಷಕ್ಕೆ ಸರಿಯಾಗಿ ಎಚ್ಚರವಾಗುತ್ತದೆ. ಬಸ್ಸಿನ ಕಿಟಕಿಯಲ್ಲಿ, ಅಂಗಡಿಯ ಗಾಜಿನಲ್ಲಿ ನನ್ನ ಮುಖ ಕಂಡಾಗ, ಆ ಕಡೆ ನಿಂತು ಯಾರೋ ನನ್ನನ್ನು ಬರೆದುಕೊಳ್ಳುತ್ತಿದ್ದಾರೆ ಎಂದು ಮುಖ ತಿರುಗಿಸಿಕೊಳ್ಳುತ್ತೇನೆ. ಇದನ್ನು ಯಾವ ಡಾಕ್ಟರಿಗೂ ಹೇಳಿಲ್ಲ. ಹೇಳಿದರೆ ಅವರೂ ಒಂದು ಹಾಳೆ ತೆಗೆಯುತ್ತಾರಲ್ಲ.

ಹೋದ ತಿಂಗಳು ಮಂಡಿ ತೋರಿಸಲು ಆಸ್ಪತ್ರೆಗೆ ಹೋಗಿದ್ದೆ. ಕೆಳಗಿನ ಅಂತಸ್ತಿನಲ್ಲಿ ಹರಿದ ಹಾಸಿಗೆ ಬಟ್ಟೆ ಹೊಲಿಯುವ ಕೋಣೆಯಿದೆ. ಕಿಟಕಿಯ ಹಿಂದೆ ಒಬ್ಬಳು ಹೆಂಗಸು ಹಲ್ಲಿನಿಂದ ದಾರ ಕಡಿಯುತ್ತಿದ್ದಳು. ಕಾಲರಿನಲ್ಲಿ ಸೂಜಿ. ಜಾರಿಕೊಳ್ಳೋಣ ಎಂದರೆ ಮಂಡಿ ಬಿಡಬೇಕಲ್ಲ. ಅವಳೇ ತಲೆಯೆತ್ತಿ, ನೀವು ಗೊಂಬೆ ಮಿಸ್ ಅಲ್ವಾ, ಎಂದಳು. ನಿನ್ನ ಹೆಸರು ಹಿಡಿದು ವಿಚಾರಿಸಿದಳು. ಮದುವೆಯಾಯಿತು, ಮುರಿಯಿತು, ಎರಡು ಕಡೆ ಕೆಲಸ ಬಿಡಿಸಿದರು, ನಾನೂ ಬಾಯಿ ಜೋರು ಮಿಸ್, ನನ್ನನ್ನ ಕಳ್ಳಿ ಅಂದ್ರೆ ಸುಮ್ನಿರಲ್ಲ, ಎಂದಳು. ತಾಯಿ ಹೋಗಿ ಆರು ವರ್ಷವಾಯಿತಂತೆ.

ಆಮೇಲೆ ಆ ದಿನದ ಮಾತು ತೆಗೆದಳು. ಅಷ್ಟು ಚೆಂದದ ಮನೆ ಅವಳು ಅದುವರೆಗೆ ಮುಟ್ಟಿಯೇ ಇರಲಿಲ್ಲವಂತೆ. ನಾ ಒಳಗೆ ಹೋದಾಗ ಪಾಪು ಬೀರುವಿನಲ್ಲಿತ್ತು ಮಿಸ್, ಯಾರೋ ಮರೆತುಬಿಟ್ಟಿದ್ರು. ಮೊದಲು ಅದನ್ನ ತೆಗೆದೆ. ಹೆದರಿಕೊಂಡಿರುತ್ತೆ ಅಂತ ತಲೆ ಬಾಚಿದೆ, ಎಂದಳು.

ಒಂದು ಮಗು ಹೊರಬಂದ ಮೇಲೆ ಗೊಂಬೆಗಳನ್ನು ಮೊದಲಿದ್ದಂತೆ ಜೋಡಿಸಿಡುವುದು ನನ್ನ ಕೆಲಸ. ಆ ದಿನ ನಾನು ಮುಖ ತೊಳೆಯಲು ಓಡಿದ್ದೆ. ಜೋಡಿಸಿರಲಿಲ್ಲ. ನೀನು ಒಳಗಿಟ್ಟ ಪಾಪುವನ್ನು ಅವಳು ಹೊರಗೆ ತೆಗೆದಳು, ಊಟ ಹಾಕಿದಳು. ಅದಕ್ಕೆ ಪ್ರತಿಯಾಗಿ ಅದೇ ಮಧ್ಯಾಹ್ನ ನಾನು ಏನು ಮಾಡಿದೆ ಎನ್ನುವುದನ್ನು ನೀನು ಓದಿದ್ದೀಯ.

ನಾನು ಹೊರಡುವಾಗ ಕೇಳಿದಳು: ನಾನು ಚೆನ್ನಾಗಿ ಆಡಿದ್ನಾ ಮಿಸ್? ಯಾರೂ ಹೇಳ್ಲೇ ಇಲ್ಲ.

ನೆನಪಿಲ್ಲಮ್ಮಾ, ಎಂದೆ. ಮೆಟ್ಟಿಲು ಹತ್ತುವಾಗ ಎರಡು ಸಲ ಕೂತೆ. ಕೂತದ್ದು ಮಂಡಿನೋವಿಗಲ್ಲ.

ಮಗಳನ್ನು ಉಳಿಸಿಕೊಂಡೆ ಎಂದು ಇಪ್ಪತ್ತಾರು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾವ ತಾಯಿಯಾದರೂ ಇಷ್ಟೇ ಮಾಡುತ್ತಿದ್ದಳು ಎಂದೂ ಹೇಳಿಕೊಂಡೆ. ಅದೂ ಸುಳ್ಳು. ಆ ಮಗುವಿನ ತಾಯಿಯನ್ನು ಕರೆಸಬೇಕು ಎಂದಾಗ ನಾನು ಹೆದರಿದ್ದು ನಿನಗಾಗಿ ಅಲ್ಲ. ನನ್ನ ಮನೆಯ ಚಿಲಕ ಅವರಿಗೆ ಕಂಡುಬಿಡುತ್ತದೆ ಎಂದು. ನನ್ನನ್ನು ನಾನು ಉಳಿಸಿಕೊಂಡೆ, ನಿನ್ನ ಹೆಸರನ್ನು ಅಡ್ಡ ಹಿಡಿದು.

ಈಗ ನಿನ್ನ ಕೈಯಲ್ಲಿರುವ ವರದಿಯ ಮಾತು. ಇಪ್ಪತ್ತೆರಡು ಅಂಕದ ಮಗು ಕೆಡಲಿಲ್ಲ, ಓದಿ ಡಾಕ್ಟರೇಟು ಮಾಡಿ ಅಮ್ಮನಿಗೆ ಸಂಖ್ಯೆ ಹಾಕಿ ಪತ್ರ ಬರೆಯುತ್ತಿದೆ. ನಾಲ್ಕು ಅಂಕದ ಮಗುವನ್ನು ಕಪಾಟಿನ ಬಾಗಿಲಿಗೆ ಅಂಟಿಸಿದ ಒಂದು ಕಾಗದ ಬೀದಿಗೆ ತಂದಿತು. ಪರೀಕ್ಷೆ ಏನನ್ನೂ ಮುಂಚಿತವಾಗಿ ಹೇಳಲಿಲ್ಲ. ಉಳಿದ ಏಳು ಹೆಸರುಗಳನ್ನೂ ಇದೇ ಕಣ್ಣಿನಿಂದ ಒಮ್ಮೆ ನೋಡು. ಇದನ್ನು ಮುಚ್ಚಿಟ್ಟು ನೀನು ಸಹಿ ಹಾಕಿದರೆ ಎಷ್ಟು ಶಾಲೆ, ಎಷ್ಟು ಕಪಾಟು ಎಂದು ಯೋಚಿಸಲು ನನಗೆ ಧೈರ್ಯವಿಲ್ಲ. ಇದನ್ನು ಬರೆದರೆ ನಿನ್ನ ಅಮ್ಮ ಏನು ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಬರೆ. ನನ್ನ ಮೇಲೆ ಕೋಪ ಬಂದರೆ ಈ ಸಲ ಫೋನ್ ಮಾಡು, ಮೊದಲ ರಿಂಗಿಗೇ ಎತ್ತುತ್ತೇನೆ. ಮಾಡದಿದ್ದರೂ ನನಗೆ ಅರ್ಥವಾಗುತ್ತದೆ, ಆದರೆ ತುಂಬ ಕಷ್ಟವಾಗುತ್ತದೆ ಎಂದು ಮಾತ್ರ ಹೇಳಿಬಿಡುತ್ತೇನೆ. ನೀನಿಲ್ಲದೆ ನನಗೆ ಬೇರೆ ಯಾರೂ ಇಲ್ಲ.

ನಿನ್ನ ಮೇಲೆ ಚಿಲಕ ಹಾಕಿದ, ನಿನ್ನನ್ನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುವ,
ಅಮ್ಮ

ಮ.ವಿ., ಗುರುವಾರ: ಈ ಪತ್ರವನ್ನು ಎರಡು ದಿನ ಅಂಚೆಗೆ ಹಾಕಲಿಲ್ಲ. ನೋಟ್‌ಬುಕ್ಕು ಇದರ ಜೊತೆಗೇ ಬರುತ್ತಿದೆ, ಆದರೆ ಅದರಲ್ಲಿ ಒಂದು ಹಾಳೆ ಇಲ್ಲ. ಹತ್ತೊಂಬತ್ತು, ಇಪ್ಪತ್ತು ಇದ್ದ ಹಾಳೆಯನ್ನು ಹರಿದು ನಿನ್ನೆ ಆಸ್ಪತ್ರೆಗೆ ಹೋಗಿ ಅವಳ ಕೈಗೇ ಕೊಟ್ಟೆ, ನಿನಗೆ ಬರೆದದ್ದನ್ನೆಲ್ಲ ಮೊದಲು ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಹಾಳೆಯನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡಳು. ನಮ್ಮಮ್ಮ ಸಾಯೋವರೆಗೂ ತಾನೇ ಏನೋ ತಪ್ಪು ಮಾಡಿದೀನಿ ಅಂತ ಅಂದ್ಕೊಂಡಿದ್ಲು, ಎಂದಳು. ನಾನು ಅವಳ ಕೈ ಹಿಡಿಯಲು ಹೋದೆ, ಕೈ ಹಿಂದಕ್ಕೆಳೆದುಕೊಂಡಳು. ಆ ಹಾಳೆ ಇಲ್ಲದೆ ನಿನ್ನ ವರದಿ ಮುಗಿಯುವುದಿಲ್ಲ, ಅದನ್ನು ಕೊಡುವುದು ಬಿಡುವುದು ಅವಳಿಗೆ ಬಿಟ್ಟದ್ದು. ಅವಳ ಕೆಲಸ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಹೊರಡುವಾಗ ನನಗೆ ಹೇಳಿದ ಮಾತನ್ನು ಹಾಗೇ ಬರೆಯುತ್ತಿದ್ದೇನೆ: ನೀವಿನ್ನು ಇಲ್ಲಿಗೆ ಬರಬೇಡಿ, ಅವಳನ್ನ ಕಳಿಸಿ.